ಖಲಾಸಿ ಹೆಲ್ಪರ್ ಅಲ್ಲ

2023ರಲ್ಲಿ ಕೋಕ್ ಸ್ಟುಡಿಯೋ ಭಾರತ್‌ನಲ್ಲಿ ಬಂದ 'ಖಲಾಸಿ' ಹಾಡು ಕೇಳದೇ ಇರೋರು ನಮ್ಮ ಕಾಲೇಜಲ್ಲಿ ಯಾರೂ ಇಲ್ಲ ಅನ್ಸುತ್ತೆ. ಆದಿತ್ಯ ಗಢವಿ ಹಾಡಿರೋ ಗುಜರಾತಿ ಹಾಡು. ದಾಂಡಿಯಾ ನೈಟ್ ಇರಲಿ, ಫ್ರೆಶರ್ಸ್ ಡೇ ಇರಲಿ, ಅದು ಶುರುವಾದ ತಕ್ಷಣ ಇಡೀ ಆಡಿಟೋರಿಯಂ ಎದ್ದು ಕುಣಿಯುತ್ತೆ. ಒಂದು ಪದವೂ ಅರ್ಥ ಆಗಲ್ಲ, ಪರವಾಗಿಲ್ಲ, ಕುಣಿಯೋಕೆ ಅರ್ಥ ಬೇಕಿಲ್ಲ. ಆದರೆ ಆ ಹಾಡಿನ ಖಲಾಸಿ ಒಬ್ಬ ಸಾಹಸಿ. ಸಮುದ್ರಕ್ಕೆ ಹೋಗೋನು. ಅದೇ ಪದವನ್ನ ನಮ್ಮ ಕಡೆ ಹೇಳಿ ನೋಡಿ. ಯಶವಂತಪುರದ ರೈಲ್ವೆ ಕ್ವಾರ್ಟರ್ಸ್ ಪಕ್ಕ ಬೆಳೆದ ನನ್ನ ಕ್ಲಾಸ್‌ಮೇಟ್ ಹಾಡು ಕೇಳಿ ನಕ್ಕುಬಿಟ್ಟ. "ನಮ್ಮ ಏರಿಯಾದಲ್ಲಿ ಯಾರನ್ನಾದ್ರೂ ಖಲಾಸಿ ಅಂತ ಕರೆದು ನೋಡು ಮಗಾ, ಜಗಳಕ್ಕೇ ಬರ್ತಾರೆ" ಅಂದ.

ಹಡಗಿನ ಮೇಲೆ ಹೀರೋ ಆಗಿದ್ದವನು ನೆಲಕ್ಕೆ ಬಂದು ಬೈಗುಳ ಹೇಗಾದ? ಇದನ್ನ ಹುಡುಕ್ತಾ ಹೋದಾಗ ಗೊತ್ತಾಗಿದ್ದು, ಈ ಪದ ಸಮುದ್ರದಿಂದ ಇಳಿದು ನಮ್ಮ ಉತ್ತರ ಬೆಂಗಳೂರಿನ ಮೂಲಕವೇ ಹಾದು ಹೋಗಿದೆ, ಅದೂ ಎಂಜಿನಿಯರ್‌ಗಳ ಜೊತೆಗೆ. ಹಾಗಾಗಿ ಇದು ಭಾಷೆಯವರ ವಿಷಯ ಮಾತ್ರ ಅಂತ ನನಗೆ ಅನ್ನಿಸ್ತಿಲ್ಲ. ನಮ್ಮ ಬ್ರಾಂಚ್‌ನ ವಿಷಯ ಕೂಡ.

ಮೊದಲು ಪದ. ಯೂಲ್ ಮತ್ತು ಬರ್ನೆಲ್ ಅನ್ನೋ ಇಬ್ಬರು ಸೇರಿ ಮಾಡಿದ 'ಹಾಬ್ಸನ್-ಜಾಬ್ಸನ್' ನಿಘಂಟು 1886ರಲ್ಲಿ ಬಂತು. ಇಲ್ಲಿದ್ದ ಇಂಗ್ಲಿಷರು ನಮ್ಮ ಭಾಷೆಗಳಿಂದ ಎತ್ತಿಕೊಂಡ ಪದಗಳನ್ನೆಲ್ಲ ಅದರಲ್ಲಿ ಕೂಡಿಟ್ಟಿದ್ದಾರೆ. ಖಲಾಸಿಯನ್ನ ಅವರು 'ಕ್ಲಾಸಿ' ಅಂತ ಬರೆದಿದ್ದಾರೆ. ಹೌದು, ನಾವು ಒಳ್ಳೆ ಶರ್ಟ್ ನೋಡಿ ಹೇಳ್ತೀವಲ್ಲ, ಅದೇ ಕಾಗುಣಿತ. ಅದಕ್ಕೆ ಕೊಟ್ಟಿರೋ ಅರ್ಥಗಳು ಇಷ್ಟು: ಡೇರೆ ಹಾಕುವವನು, ಸರ್ವೇಯರ್ ಜೊತೆ ಸರಪಳಿ ಅಥವಾ ಕೋಲು ಹಿಡಿಯುವವನು, ಇಲ್ಲಿನ ನಾವಿಕ, ಫಿರಂಗಿ ದಳದಲ್ಲಿ ಕೈಯಾಳು. ಮೂಲ ಅರಬ್ಬಿಯ 'ಖಲಾಸ್' ಅಂತ ಸಾಮಾನ್ಯವಾಗಿ ಹೇಳ್ತಾರೆ ಅಂತಲೂ ಸೇರಿಸಿದ್ದಾರೆ.

ಈ ಖಲಾಸ್ ನಮಗೆ ಹೊಸಬ ಅಲ್ಲ. ಮೆಸ್ಸಲ್ಲಿ ಲೇಟಾಗಿ ಹೋದರೆ ಕೇಳೋ ಮೊದಲನೇ ಮಾತೇ "ಚಪಾತಿ ಖಲಾಸ್". ಪೇಪರ್‌ನಲ್ಲಿ ದಿನಾ ಬರೋ 'ಆರೋಪಿ ಖುಲಾಸೆ'ಯ ಬೇರು ಕೂಡ ಅದೇ. ಬಿಡುಗಡೆ, ಮುಗಿಯೋದು, ಸ್ವಚ್ಛವಾಗೋದು, ಇವೆಲ್ಲ ಆ ಅರಬ್ಬಿ ಬೇರಿನ ಸುತ್ತ ಇರೋ ಅರ್ಥಗಳು. ಹಗ್ಗ ಬಿಚ್ಚೋದು, ಹಾಯಿ ಬಿಡಿಸೋದು, ಸರಕು ಇಳಿಸಿ ಹಡಗು ಖಾಲಿ ಮಾಡೋದು ಹಡಗಿನ ಕೆಲಸದ ಅರ್ಧ ಭಾಗ. ಆ ದಾರಿಯಲ್ಲೇ ಹೆಸರು ಬಂದಿರಬೇಕು ಅಂತ ನನ್ನ ಊಹೆ. ನಿಘಂಟಿನವರು ಅಷ್ಟು ದೂರ ಹೋಗಿಲ್ಲ.

ಹಡಗಿನ ಮೇಲೆ ಖಲಾಸಿ ಒಬ್ಬನೇ ಇರಲಿಲ್ಲ. ಹಿಂದೂ ಮಹಾಸಾಗರದ ಹಡಗುಗಳಲ್ಲಿ ಒಂದು ಇಡೀ ಮೆಟ್ಟಿಲ ಸಾಲಿತ್ತು. ಎಲ್ಲರಿಗಿಂತ ಮೇಲೆ ನಾಖುದಾ. ಪರ್ಷಿಯನ್‌ನಲ್ಲಿ ನಾವ್ ಅಂದ್ರೆ ಹಡಗು, ಖುದಾ ಅಂದ್ರೆ ಒಡೆಯ. ಕೆಲಸಗಾರರಿಗೆ ಮೇಸ್ತ್ರಿ ಥರ ಇರೋನು ಸೆರಾಂಗ್. ಅವನ ಕೆಳಗೆ ಟಿಂಡಲ್, ಅಂದ್ರೆ ನಮ್ಮ ಕರಾವಳಿಯ ತಾಂಡೇಲ. ದಿಕ್ಕು ತಿರುಗಿಸೋನು ಸುಕ್ಕಾನಿ. ಅರಬ್ಬಿಯಲ್ಲಿ ಸುಕ್ಕಾನ್ ಅಂದ್ರೆ ಹಡಗಿನ ಹಿಂದೆ ಇರೋ ತಿರುಗು ಹಲಗೆ. ಅಡಿಗೆಗೆ ಭಂಡಾರಿ. ಹಗ್ಗ, ಹಾಯಿ, ಸರಕು ಎಲ್ಲಾ ಖಲಾಸಿಗಳ ಕೈಯಲ್ಲಿ. ಇದರಲ್ಲಿ ಒಂದೊಂದು ಪದ ಒಂದೊಂದು ಭಾಷೆಯದು. ಹಡಗಲ್ಲಿ ಇದ್ದವರೂ ಹಾಗೇ, ಒಬ್ಬೊಬ್ಬರು ಒಂದೊಂದು ದಡದವರು. (ನಮ್ಮ ಕ್ಲಬ್‌ನಲ್ಲಿ ಪ್ರತಿ ನವೆಂಬರ್‌ನಲ್ಲೂ ಅಚ್ಚಕನ್ನಡ ಪದಗಳ ಸ್ಪರ್ಧೆ ಇಡ್ತೀವಿ. ಖಲಾಸಿಗೆ 'ಹಡಗಾಳು' ಅಂತ ಯಾರಾದ್ರೂ ಬರೆದ್ರೆ ಮಾರ್ಕ್ಸ್ ಸಿಗುತ್ತೆ. ಆದ್ರೆ ಮಲ್ಪೆಯಲ್ಲಿ ಹಾಗಂದ್ರೆ ಯಾರೂ ತಿರುಗಿ ನೋಡಲ್ಲ.)

ಈಗ ನನ್ನ ತಲೆ ಕೆಡಿಸಿದ ವಿಷಯಕ್ಕೆ ಬರ್ತೀನಿ. ಈ ಪದಗಳಲ್ಲಿ ಮೂರು ಕನ್ನಡಕ್ಕೆ ಬಂದು ಚೆನ್ನಾಗಿ ಬೇರು ಬಿಟ್ಟವು, ಆದ್ರೆ ಮೂರರ ಹಣೆಬರಹ ಬೇರೆ ಬೇರೆ ಆಯ್ತು. ಸುಕ್ಕಾನ್ ನಮ್ಮಲ್ಲಿ ಚುಕ್ಕಾಣಿ ಆಯ್ತು. ಚುಕ್ಕಾಣಿ ನೇರ ವಿಧಾನಸೌಧಕ್ಕೆ ಹೋಯ್ತು. ಪ್ರತಿ ಎಲೆಕ್ಷನ್ ಮುಗಿದ ಮೇಲೂ ಯಾರೋ ಒಬ್ಬರು ಅಧಿಕಾರದ ಚುಕ್ಕಾಣಿ ಹಿಡೀತಾರೆ. ಅದನ್ನ ಬರೆಯೋರಲ್ಲಿ ಎಷ್ಟು ಜನ ಚುಕ್ಕಾಣಿ ಮುಟ್ಟಿ ನೋಡಿದ್ದಾರೋ ಗೊತ್ತಿಲ್ಲ. ತಾಂಡೇಲ ಕರಾವಳಿಯಲ್ಲೇ ಉಳಿದು, ಮರ್ಯಾದೆ ಉಳಿಸಿಕೊಂಡ. ಮಲ್ಪೆ, ಮಂಗಳೂರು, ಕಾರವಾರದಲ್ಲಿ ಇವತ್ತಿಗೂ ಬೋಟಿನ ಯಜಮಾನಿಕೆ ತಾಂಡೇಲನದು. ಎಲ್ಲಿ ಬಲೆ ಬಿಡಬೇಕು, ಯಾವಾಗ ವಾಪಸ್ ತಿರುಗಬೇಕು ಅನ್ನೋದು ಅವನ ತೀರ್ಮಾನ. ಕಾರವಾರದ ಕಡೆ ತಾಂಡೇಲ ಅನ್ನೋದು ಮನೆತನದ ಹೆಸರೂ ಹೌದು. ಖಲಾಸಿ ಮಾತ್ರ ಊರೂರು ತಿರುಗಿದ, ನೂರು ಕೆಲಸ ಕಲಿತ, ಕೊನೆಗೆ ಎಲ್ಲಾ ಕಡೆ ಕೆಳಗಿನ ಮೆಟ್ಟಿಲಲ್ಲೇ ನಿಂತ.

ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ಮಾತು. ಗೂಗಲ್‌ನವರು 2014ರಲ್ಲಿ ಬಿಟ್ಟ, ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ದಿನಕ್ಕೆ ಸಾವಿರ ಸಲ ಹೇಳೋ ಕುಬರ್ನೆಟೀಸ್ ಇದೆಯಲ್ಲ, ಅದು ಗ್ರೀಕ್ ಪದ. ಅರ್ಥ ಚುಕ್ಕಾಣಿ ಹಿಡಿಯುವವನು. ಅದರ ಲೋಗೋದಲ್ಲಿರೋದು ಹಡಗಿನ ಚಕ್ರವೇ. ಅಲ್ಲೂ ಮಜಾ ಸಿಕ್ಕಿದ್ದು ಚುಕ್ಕಾಣಿಯವನಿಗೆ. 

ಖಲಾಸಿ ನೆಲಕ್ಕೆ ಇಳಿದಿದ್ದು ಹೇಗೆ ಅಂತ ಯೋಚಿಸಿದ್ರೆ ಕಷ್ಟ ಏನಿಲ್ಲ. ಡೇರೆ ಅಂದ್ರೆ ಏನು? ದಪ್ಪ ಬಟ್ಟೆ, ಹಗ್ಗ, ಕಂಬ. ಹಾಯಿ ಅಂದ್ರೂ ಅದೇ ಮೂರು. ಗಾಳಿ ಯಾವ ಕಡೆಯಿಂದ ಬರುತ್ತೆ, ಹಗ್ಗ ಎಷ್ಟು ಬಿಗಿ ಇರಬೇಕು, ಯಾವ ಗಂಟು ಎಳೆದರೆ ಬಿಗಿಯಾಗುತ್ತೆ, ಯಾವುದು ಒಂದೇ ಎಳೆತಕ್ಕೆ ಬಿಚ್ಚುತ್ತೆ ಅನ್ನೋದು ಗೊತ್ತಿದ್ದವನಿಗೆ ಸಮುದ್ರ ಆದರೇನು, ಬಯಲು ಆದರೇನು. ಕಂಪನಿ ಸೈನ್ಯಕ್ಕೆ ಡೇರೆ ಹಾಕೋರು ಬೇಕಿತ್ತು, ಫಿರಂಗಿ ಎಳೆಯೋರು ಬೇಕಿತ್ತು. ಇಂಗ್ಲಿಷ್‌ನಲ್ಲೂ ಹಾಗೇ ಆಗಿದೆ. ಫಿರಂಗಿ ದಳದ ಕೈಯಾಳಿಗೆ ಅವರು ಮ್ಯಾಟ್ರಾಸ್ ಅಂತಿದ್ರು. ಅದು ಡಚ್ಚರ ನಾವಿಕ. ಭಾರ ಎಳೆಯೋ ಕೆಲಸ ಎಲ್ಲಿದ್ದರೂ ಹಡಗಿನವರನ್ನೇ ಹುಡುಕಿಕೊಂಡು ಹೋಗ್ತಿದ್ರು ಅನ್ನಿಸುತ್ತೆ.

ಆಮೇಲೆ ಸರ್ವೆ ಬಂತು. ಇಲ್ಲಿಂದ ಕಥೆ ನಮ್ಮ ಮನೆ ಬಾಗಿಲಿಗೆ ಬರುತ್ತೆ.

ಟಿಪ್ಪು ಸತ್ತ ಮರುವರ್ಷ, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಲ್ಲಿ ಒಂದು ಬೇಸ್‌ಲೈನ್ ಅಳೆದ. ಏಳು ಮೈಲಿಗಿಂತ ಸ್ವಲ್ಪ ಜಾಸ್ತಿ ಉದ್ದದ ನೇರ ಗೆರೆ, ನೂರು ಅಡಿಯ ಉಕ್ಕಿನ ಸರಪಳಿ ಇಟ್ಟು ಅಳೆದದ್ದು. ಎರಡು ವರ್ಷ ಆದಮೇಲೆ ಮದ್ರಾಸಲ್ಲಿ ಶುರುವಾದ ಗ್ರೇಟ್ ಟ್ರಿಗನೋಮೆಟ್ರಿಕಲ್ ಸರ್ವೆಗೆ ಇದು ಒಂಥರ ರಿಹರ್ಸಲ್. 1868ರಲ್ಲಿ ಅದೇ ಸರ್ವೆಯವರು ಬೆಂಗಳೂರಲ್ಲಿ ಮತ್ತೆ ಬೇಸ್‌ಲೈನ್ ಅಳೆದರು. ಈ ಸಲ ಸರಪಳಿ ಬದಲು ಕೋಲ್ಬಿ ಸರಳುಗಳು. ಕಬ್ಬಿಣ, ಹಿತ್ತಾಳೆ ಎರಡನ್ನೂ ಜೋಡಿಸಿ, ಬಿಸಿಗೆ ಹಿಗ್ಗಿದರೂ ತುದಿಗಳ ನಡುವಿನ ಉದ್ದ ಬದಲಾಗದ ಹಾಗೆ ಮಾಡಿದ ಹತ್ತು ಅಡಿಯ ಸರಳು. ಒಂದು ತುದಿ ಮೇಖ್ರಿ ಸರ್ಕಲ್, ಇನ್ನೊಂದು ತುದಿ ಹೆಣ್ಣೂರು ದಾಟಿ ಕಣ್ಣೂರು. ಏಳು ಮೈಲಿಗೆ ಸ್ವಲ್ಪ ಕಡಿಮೆ.

ಮೇಖ್ರಿ ಸರ್ಕಲ್‌ನ ಆ ಸಣ್ಣ ಗೋಪುರ ಇವತ್ತೂ ಇದೆ, ಪಾರ್ಕ್ ಒಳಗೆ. ಹೆಬ್ಬಾಳದಿಂದ ಸಿಟಿ ಕಡೆ ಬಿಎಂಟಿಸಿ ಬಸ್ಸಲ್ಲಿ ಹೋಗುವಾಗ ಟ್ರಾಫಿಕ್ ನಿಂತೇ ನಿಲ್ಲುತ್ತಲ್ಲ, ಆಗ ಹತ್ತು ಹೆಜ್ಜೆ ದೂರದಲ್ಲಿ ಇಂಡಿಯಾದ ಮ್ಯಾಪಿನ ಒಂದು ತುದಿ ಇರುತ್ತೆ. ಆರ್.ಟಿ. ನಗರದಲ್ಲಿ ಹುಟ್ಟಿ ಬೆಳೆದವರೂ ಅದನ್ನ ಹಳೇ ವಾಚ್‌ಮನ್ ರೂಮ್ ಅಂದುಕೊಂಡಿದ್ದಾರೆ. ಕಣ್ಣೂರಿನ ಗೋಪುರ 2024ರಲ್ಲಿ ನೆಲಸಮ ಆಯ್ತು ಅಂತ ಪೇಪರ್‌ಗಳಲ್ಲಿ ಬಂತು. ನೂರೈವತ್ತು ವರ್ಷ ನಿಂತದ್ದು.

ಈ ಸರ್ವೆ ಬಗ್ಗೆ ಓದಿದರೆ ಹೆಸರುಗಳು ಸಿಗುತ್ತವೆ. ಲ್ಯಾಂಬ್ಟನ್, ಎವರೆಸ್ಟ್, ವಾ. ಇಲ್ಲಿನವರಲ್ಲಿ ಲೆಕ್ಕ ಹಾಕಿದ ರಾಧಾನಾಥ ಸಿಕ್ದಾರ್ ಹೆಸರು ಈಚೆಗೆ ಹೇಳ್ತಾರೆ, ಒಳ್ಳೇದು. ಆದರೆ ಸರಪಳಿ ಹಿಡಿದವರು, ಬಾವುಟ ನೆಟ್ಟವರು, ಅರ್ಧ ಟನ್ ತೂಗುತ್ತಿದ್ದ ಥಿಯೊಡೊಲೈಟನ್ನ ಬೆಟ್ಟಕ್ಕೆ ಹೊತ್ತವರು ಒಟ್ಟಾಗಿ ಒಂದೇ ಪದ: ಖಲಾಸಿಗಳು. ಹಡಗಿನ ಹಾಗೇ ಇಲ್ಲೂ ಅವರ ಮೇಲೆ ಟಿಂಡಲ್ ಇರ್ತಿದ್ದ. ಆ ಹಳೇ ಮೆಟ್ಟಿಲ ಸಾಲನ್ನ ಹಾಗೇ ಎತ್ತಿ ಬೆಟ್ಟದ ಮೇಲೆ ಇಟ್ಟರು.

ಅವರಲ್ಲಿ ಒಬ್ಬನ ಕಥೆ ಓದಿ ನಾನು ಒಂದು ದಿನ ಪೂರ್ತಿ ಅದನ್ನೇ ಎಲ್ಲರಿಗೂ ಹೇಳ್ತಾ ತಿರುಗಿದೆ. 1860ರ ದಶಕದ ಶುರುವಿನಲ್ಲಿ ಹಿಮಾಚಲದ ಸ್ಪಿತಿಯಲ್ಲಿ ಶಿಲ್ಲಾ ಅನ್ನೋ ಶಿಖರಕ್ಕೆ ಸರ್ವೆಯ ಒಬ್ಬ ಖಲಾಸಿ ಸಿಗ್ನಲ್ ಕಂಬ ಹೊತ್ತುಕೊಂಡು ಹತ್ತಿದ. ಆಗ ಆ ಶಿಖರದ ಎತ್ತರ 7,000 ಮೀಟರ್‌ಗಿಂತ ಜಾಸ್ತಿ ಅಂತ ಲೆಕ್ಕ ಹಾಕಿದ್ರು. ಅಂದ್ರೆ ಭೂಮಿ ಮೇಲೆ ಅಷ್ಟು ಎತ್ತರಕ್ಕೆ ಹತ್ತಿದವರು ಅವತ್ತಿಗೆ ಬೇರೆ ಯಾರೂ ಇರಲಿಲ್ಲ ಅನ್ನೋ ದಾಖಲೆ. ಆಮೇಲಿನ ಸರ್ವೆಯಲ್ಲಿ ಶಿಖರ 6,100 ಮೀಟರ್ ಆಸುಪಾಸು ಅಂತ ಗೊತ್ತಾಯ್ತು, ದಾಖಲೆ ಹೋಯ್ತು. ಅದು ಬಿಡಿ. ಈಗಿನ ಥರ ಬೂಟು, ಜಾಕೆಟ್ ಇಲ್ಲದ ಕಾಲದಲ್ಲಿ ಆರು ಸಾವಿರ ಮೀಟರ್ ಕಂಬ ಹೊತ್ತು ಹೋಗೋದು ಸಣ್ಣ ಕೆಲಸವಾ? ಪರ್ವತಾರೋಹಣದ ಇತಿಹಾಸದಲ್ಲಿ ಈ ಹತ್ತುವಿಕೆ ಇದೆ. ಇಸವಿ ಇದೆ, ಎತ್ತರ ಇದೆ, ಆಮೇಲೆ ಎತ್ತರದ ತಿದ್ದುಪಡಿಯೂ ಇದೆ. ಹತ್ತಿದವನ ಹೆಸರು ಯಾರೂ ಬರೆದಿಟ್ಟಿಲ್ಲ. 'ಒಬ್ಬ ಖಲಾಸಿ', ಅಷ್ಟೇ.

ಹಳೇ ಕಾಲ, ಬ್ರಿಟಿಷರು, ಇನ್ನೇನು ನಿರೀಕ್ಷೆ ಮಾಡ್ತೀರಿ ಅಂತ ಕೆಲವರು ಹೇಳಬಹುದು. ಸರಿ, ಹಾಗಾದ್ರೆ ನಮ್ಮ ಸರ್ವೆ ಲ್ಯಾಬಿಗೆ ಬನ್ನಿ.

ಲೆವೆಲಿಂಗ್ ಪ್ರಾಕ್ಟಿಕಲ್‌ನಲ್ಲಿ ನಾವು ಆರು ಜನ ಒಂದು ಬ್ಯಾಚ್. ಒಬ್ಬರು ಡಂಪಿ ಲೆವೆಲ್‌ನಲ್ಲಿ ಕಣ್ಣಿಟ್ಟು ರೀಡಿಂಗ್ ಹೇಳ್ತಾರೆ, ಒಬ್ಬರು ಬರೀತಾರೆ, ಉಳಿದ ನಾಲ್ಕು ಜನ ನೆರಳಲ್ಲಿ ನಿಲ್ತೀವಿ. ದೂರದಲ್ಲಿ ನಾಲ್ಕು ಮೀಟರ್ ಸ್ಟಾಫ್ ಹಿಡಿದು ಬಿಸಿಲಲ್ಲಿ ನಿಲ್ಲೋರು ಲ್ಯಾಬ್‌ನ ಅಣ್ಣ. ಅವರು ಸುಮ್ಮನೆ ಹಿಡಿದು ನಿಲ್ಲಲ್ಲ. ಸ್ಟಾಫನ್ನ ನಿಧಾನವಾಗಿ ನಮ್ಮ ಕಡೆ, ಆ ಕಡೆ ತೂಗ್ತಾರೆ. ನೆಟ್ಟಗೆ ನಿಂತ ಕ್ಷಣದಲ್ಲಿ ರೀಡಿಂಗ್ ಅತಿ ಕಡಿಮೆ ಇರುತ್ತೆ, ಅದೇ ಸರಿಯಾದ ರೀಡಿಂಗ್. ಟೆಕ್ಸ್ಟ್‌ಬುಕ್‌ನಲ್ಲಿ ಇದು ಎರಡು ಸಾಲು. ನಾನೇ ಲೆಕ್ಕ ಹಾಕಿ ನೋಡಿದೆ: ಸ್ಟಾಫ್ ಬರೀ 5 ಡಿಗ್ರಿ ವಾಲಿದ್ರೆ, 3 ಮೀಟರ್ ರೀಡಿಂಗ್‌ನಲ್ಲಿ 11 ಮಿಲಿಮೀಟರ್ ತಪ್ಪು ಬರುತ್ತೆ. ಚರಂಡಿಯ ಇಳಿಜಾರು ಲೆಕ್ಕ ಹಾಕುವಾಗ 11 ಮಿಲಿಮೀಟರ್ ತಪ್ಪಿದ್ರೆ ನೀರು ಮುಂದಕ್ಕೆ ಹೋಗೋ ಬದಲು ಅಲ್ಲೇ ನಿಲ್ಲಬಹುದು. ನಮ್ಮ ರೀಡಿಂಗ್ ಕ್ಲೋಸ್ ಆಗೋದಕ್ಕೆ ಅರ್ಧ ಕಾರಣ ಆ ಅಣ್ಣನ ಕೈ. ಹೋದ ಸೆಮ್‌ನಲ್ಲಿ ಅವರು ರಜೆ ಹಾಕಿದ ದಿನ ನಾವೇ ಸ್ಟಾಫ್ ಹಿಡಿದ್ವಿ. ಮೂರು ಬ್ಯಾಚ್‌ನಲ್ಲಿ ಒಂದರದ್ದೂ ಕ್ಲೋಸ್ ಆಗಲಿಲ್ಲ. ಸಂಜೆ ಐದೂವರೆವರೆಗೂ ರಿಪೀಟ್ ಮಾಡಿಸಿದ್ರು.

ಫೀಲ್ಡ್ ಬುಕ್‌ನ ಮೊದಲ ಪುಟದಲ್ಲಿ ಆರು ಯುಎಸ್‌ಎನ್, ಆರು ಹೆಸರು. ಸ್ಟಾಫ್ ಹಿಡಿದವರಿಗೆ ಜಾಗ ಇಲ್ಲ. ಅದನ್ನ ಯಾರೂ ಬೇಕು ಅಂತ ಮಾಡಿದ್ದಲ್ಲ. ಆ ಫಾರ್ಮ್ಯಾಟ್ ಹಾಗೇ ಬಂದಿದೆ, ಯಾರೂ ಕೇಳಿಲ್ಲ, ಅಷ್ಟೇ. ಸ್ಪಿತಿಯ ಸರ್ವೆಯವರನ್ನ ಯಾರಾದ್ರೂ ಕೇಳಿದ್ರೆ ಅವರೂ ಬಹುಶಃ ಇದನ್ನೇ ಹೇಳ್ತಿದ್ರು.

ರೈಲ್ವೆ ಕಥೆ ಇನ್ನೂ ವಿಚಿತ್ರ. ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ಎತ್ತೋದು, ಇಳಿಸೋದು, ಸರಿಸೋದು ಮಾಡೋಕೆ ಜನ ಬೇಕಾದಾಗ ಅದೇ ಹಡಗಿನ ಪದ ಬಂತು. ಮೊದಲ ಮೆಟ್ಟಿಲು ಖಲಾಸಿ, ಆಮೇಲೆ ಖಲಾಸಿ ಹೆಲ್ಪರ್, ಆಮೇಲೆ ಟೆಕ್ನಿಷಿಯನ್. ಹೆಸರಿಗೆ ಖಲಾಸಿ ಆದ್ರೂ ಕೆಲವರನ್ನ ವರ್ಕ್‌ಶಾಪ್‌ಗೂ ಕಳಿಸಲಿಲ್ಲ, ಸಾಹೇಬರ ಮನೆಗೆ ಕಳಿಸಿದ್ರು. ಬಂಗ್ಲೋ ಖಲಾಸಿ ಅಂತಲೇ ಕರೀತಿದ್ರು. ಕಾಗದದ ಮೇಲೆ ಅವರ ಹುದ್ದೆ 'ಟೆಲಿಫೋನ್ ಅಟೆಂಡೆಂಟ್ ಕಮ್ ಡಾಕ್ ಖಲಾಸಿ'. ಫೋನ್ ಎತ್ತೋದು, ಕಾಗದ ಪತ್ರ ತಲುಪಿಸೋದು ಕೆಲಸ ಅಂತ ಲೆಕ್ಕ. ಬಂಗ್ಲೋದಲ್ಲಿ ನಡೆಯೋದು ಮನೆಗೆಲಸ ಅಂತ ವರ್ಷಗಟ್ಟಲೆ ದೂರುಗಳಿದ್ದವು. 2020ರ ಆಗಸ್ಟ್‌ನಲ್ಲಿ ರೈಲ್ವೆ ಬೋರ್ಡ್ ಈ ಹುದ್ದೆಗೆ ಹೊಸಬರನ್ನ ತಗೋಬೇಡಿ ಅಂತ ಆದೇಶ ಹೊರಡಿಸ್ತು. ಹಾಯಿ ಏರಿಸೋನಿಗೆ ಇದ್ದ ಹೆಸರು ತರಕಾರಿ ಚೀಲ ಹಿಡಿಯೋವರೆಗೂ ಇಳೀತು. ನನ್ನ ಫ್ರೆಂಡ್ ಹೇಳಿದ ಜಗಳ ಇಲ್ಲಿಂದ ಬಂದಿದ್ದು ಅಂತ ಆಗ ನನಗೆ ಅರ್ಥ ಆಯ್ತು.

ಈಗ ಆ ಹೆಸರೂ ನಿಧಾನವಾಗಿ ಹೋಗ್ತಿದೆ. ರೈಲ್ವೆಯ ನೇಮಕಾತಿ ಪ್ರಕಟಣೆಗಳಲ್ಲಿ ಬರೋದು ಹೆಲ್ಪರ್, ಅಸಿಸ್ಟೆಂಟ್. ಸಂಬಳ ಲೆವೆಲ್ 1, ಏಳನೇ ವೇತನ ಆಯೋಗದ ಪ್ರಕಾರ ಬೇಸಿಕ್ 18,000 ರೂಪಾಯಿಂದ ಶುರು. 2019ರ ಲೆವೆಲ್ 1 ಪ್ರಕಟಣೆಯಲ್ಲಿ ಒಂದು ಲಕ್ಷದ ಮೂರು ಸಾವಿರ ಚಿಲ್ಲರೆ ಹುದ್ದೆಗೆ ಒಂದು ಕೋಟಿಗೂ ಮೀರಿ ಅರ್ಜಿ ಬಂದಿದ್ದವು. ಹತ್ತನೇ ಕ್ಲಾಸ್ ಕೇಳಿದ್ದ ಕೆಲಸಕ್ಕೆ ಡಿಗ್ರಿ ಮುಗಿಸಿದವರೂ ಹಾಕಿದ್ದರು. ಆದ್ದರಿಂದ ಯಾರೂ ಈ ಕೆಲಸ ನಮಗಲ್ಲ, ಬೇರೆಯವರಿಗೆ ಅಂತ ಅಂದುಕೊಳ್ಳೋದು ಬೇಡ.

ಹೆಸರು ಬದಲಾಯಿಸಿದ್ದು ಒಳ್ಳೇದಾಯ್ತು ಅನ್ನೋ ವಾದ ನನಗೆ ಗೊತ್ತು. ಆ ಫ್ರೆಂಡ್‌ದೂ ಅದೇ ವಾದ, ಅವನ ದೊಡ್ಡಪ್ಪ ಖಲಾಸಿಯಾಗಿ ಸೇರಿ ಟೆಕ್ನಿಷಿಯನ್ ಆಗಿ ರಿಟೈರ್ ಆದವರು. "ಮದುವೆ ಮಾತುಕತೆಯಲ್ಲಿ ಹುಡುಗ ಏನ್ ಮಾಡ್ಕೊಂಡಿದ್ದಾನೆ ಅಂತ ಕೇಳ್ತಾರೆ. ಖಲಾಸಿ ಅಂತ ಹೇಳಿ ನೋಡು, ಕಾಫಿ ಕೂಡ ಅರ್ಧಕ್ಕೆ ಇಟ್ಟು ಎದ್ದು ಹೋಗ್ತಾರೆ. ಅಸಿಸ್ಟೆಂಟ್ ಅಂದ್ರೆ ಕೂತ್ಕೋತಾರೆ. ನಿನಗೆ ಪದದ ಇತಿಹಾಸ ಬೇಕು, ನಮಗೆ ಮರ್ಯಾದೆ ಬೇಕು." ಇದಕ್ಕೆ ಎದುರು ಹೇಳೋ ಹಕ್ಕು ನನಗಿಲ್ಲ. ಆ ಹೆಸರು ಹೊತ್ತವರು ಬೇಡ ಅಂದ್ರೆ ಬೇಡ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಹಾಡು ಕೇಳಿ ಈ ಪದಕ್ಕೆ ಬಂದವನು. ಅವರು ಅದನ್ನ ಹಾಜರಿ ಪುಸ್ತಕದಲ್ಲಿ ನೋಡಿದವರು.

ಆದರೆ ಅದರ ಜಾಗಕ್ಕೆ ತಂದ ಪದದ ಬಗ್ಗೆ ನನ್ನ ತಕರಾರು ಇದೆ. ಹೆಲ್ಪರ್ ಅಂದ್ರೆ ಏನು? ಕೆಲಸ ಬೇರೆ ಯಾರದೋ, ಇವನು ಜೊತೆಗೆ ಕೈ ಹಾಕ್ತಾನೆ. ಖಲಾಸಿ ಅನ್ನೋ ಪದ ಎಷ್ಟೇ ಕೆಳಗೆ ಬಿದ್ದಿದ್ರೂ ಅದರೊಳಗೆ ಒಂದು ಕಸುಬು ಇತ್ತು. ಹಗ್ಗ, ಕಂಬ, ಭಾರ ಇವುಗಳ ವಿದ್ಯೆ ಇತ್ತು. ಟರ್ನರ್, ಫಿಟ್ಟರ್, ವೆಲ್ಡರ್ ಇದ್ದ ಹಾಗೆ ಅದೂ ಒಂದು ಕೈಕೆಲಸದ ಹೆಸರು. ಹೆಲ್ಪರ್‌ನಲ್ಲಿ ಯಾವ ವಿದ್ಯೆಯೂ ಇಲ್ಲ. ಮರ್ಯಾದೆ ಕೊಡ್ತೀವಿ ಅಂತ ಹೇಳಿ, ಇದ್ದ ವಿದ್ಯೆಯನ್ನ ಹೆಸರಿಂದ ಕಿತ್ತು ಹಾಕಿದ ಹಾಗಾಯ್ತು. 'ರಿಗ್ಗರ್' ಅಂತ ಹೊರದೇಶದಲ್ಲಿ ಒಂದು ಹುದ್ದೆ ಇದೆ. ಅದೂ ಹಡಗಿಂದಲೇ ಬಂದಿದ್ದು, ಹಾಯಿಯ ಹಗ್ಗಗಳನ್ನ ಕಟ್ಟೋನು. ಇವತ್ತು ಕ್ರೇನ್ ಕೆಲಸದಲ್ಲಿ ರಿಗ್ಗರ್ ಅಂದ್ರೆ ಸರ್ಟಿಫಿಕೇಟ್ ಇರೋ, ಕೈತುಂಬ ಸಂಬಳ ತಗೊಳ್ಳೋ ಕೆಲಸಗಾರ. ಅದೇ ಸಮುದ್ರ, ಅದೇ ಹಗ್ಗ. ಅವರ ಪದ ಮೇಲೆ ಹೋಯ್ತು, ನಮ್ಮದು ಕೆಳಗೆ ಬಂತು. ಪದದಲ್ಲೇ ದೋಷ ಇದ್ದಿದ್ರೆ ಹೀಗೆ ಆಗ್ತಿರಲಿಲ್ಲ.

ವಿದ್ಯೆ ಅಂದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಯಾಕಂದ್ರೆ ಇಲ್ಲಿ ನಾವೆಲ್ಲ ಅದನ್ನ ಪರೀಕ್ಷೆಗೆ ಓದಿದ್ದೀವಿ. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಬೆಲ್ಟ್ ಫ್ರಿಕ್ಷನ್ ನೆನಪಿದೆಯಾ? ಹಗ್ಗವನ್ನ ಗೂಟಕ್ಕೆ ಸುತ್ತಿದಾಗ ಒಂದು ಕಡೆಯ ಎಳೆತಕ್ಕೂ ಇನ್ನೊಂದು ಕಡೆಯ ಎಳೆತಕ್ಕೂ ಇರೋ ಅನುಪಾತ 'ಇ ಟು ದ ಪವರ್ ಮ್ಯೂ ಥೀಟಾ'. ಘರ್ಷಣಾಂಕ 0.3 ಇಟ್ಟುಕೊಳ್ಳಿ, ಮೂರು ಸುತ್ತು ಹಾಕಿ. ಉತ್ತರ ಸುಮಾರು 285. ಅಂದ್ರೆ ಒಂದು ಕಡೆ ಹತ್ತು ಕೆಜಿಯಷ್ಟು ಬಲ ಹಾಕಿ ಹಿಡಿದ್ರೆ, ಆ ಕಡೆ ಎರಡೂ ಮುಕ್ಕಾಲು ಟನ್‌ಗಿಂತ ಜಾಸ್ತಿ ಭಾರ ಜಾರದೆ ನಿಲ್ಲುತ್ತೆ. ನಾನು ಈ ಸಮ್ ಮಾಡಿ ಐದು ಮಾರ್ಕ್ಸ್ ತಗೊಂಡೆ, ಆದ್ರೆ ಆ ನಂಬರ್ ಎಷ್ಟು ಭಯಂಕರ ಅಂತ ಆಗ ಹೊಳೆದಿರಲಿಲ್ಲ. ಆಯ್ಲರ್ ಇದನ್ನ ಬರೆಯೋ ಮೊದಲೇ ಹಡಗುಗಳಲ್ಲಿ ಇದು ದಿನನಿತ್ಯದ ಕೆಲಸ. ಎಷ್ಟು ಸುತ್ತು ಹಾಕಿದ್ರೆ ಲಂಗರಿನ ಹಗ್ಗ ನಿಲ್ಲುತ್ತೆ, ಎಷ್ಟು ಸಡಿಲ ಬಿಟ್ಟರೆ ಭಾರ ನಿಧಾನ ಇಳಿಯುತ್ತೆ ಅನ್ನೋದನ್ನ ಖಲಾಸಿಯ ಕೈ ತಿಳಿದಿತ್ತು. ಹಗ್ಗ ಒದ್ದೆಯಾದಾಗ ಮ್ಯೂ ಬದಲಾಗುತ್ತೆ ಅಂತಲೂ.

ಈ ವಿದ್ಯೆ ಮ್ಯೂಸಿಯಂಗೆ ಹೋಗಿಲ್ಲ ಅನ್ನೋದಕ್ಕೆ ಬೆಂಗಳೂರಿಂದಲೇ ಹೊರಟ ಒಂದು ರೈಲು ಸಾಕ್ಷಿ. 1988ರ ಜುಲೈ 8ರಂದು ನಮ್ಮ ಊರಿಂದ ಕನ್ಯಾಕುಮಾರಿ ಕಡೆ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೇರಳದ ಕೊಲ್ಲಂ ಹತ್ತಿರ ಪೆರುಮಣ್ ಸೇತುವೆಯಲ್ಲಿ ಹಳಿ ತಪ್ಪಿ ಅಷ್ಟಮುಡಿ ಕೆರೆಗೆ ಬಿತ್ತು. 105 ಜನ ಸತ್ತರು. ನೀರೊಳಗೆ ಬಿದ್ದ ಬೋಗಿಗಳನ್ನ ಎಳೆಯೋಕೆ ಕ್ರೇನ್ ಕೈಯಲ್ಲಿ ಆಗದಿದ್ದಾಗ ಕೋಯಿಕ್ಕೋಡ್ ಪಕ್ಕದ ಬೇಪೂರಿನ ಮಾಪ್ಪಿಳ ಖಲಾಸಿಗಳನ್ನ ಕರೆಸಿದರು. ಉರು ಅಂತ ಕರೆಯೋ ದೊಡ್ಡ ಮರದ ಹಡಗುಗಳನ್ನ ನೀರಿಗೆ ಇಳಿಸೋ ಜನ ಅವರು. ಕಪ್ಪಿ, ಹಗ್ಗ, ಕೈಯಿಂದ ತಿರುಗಿಸೋ ರಾಟೆ, ಮರದ ದಿಮ್ಮಿ, ಜೊತೆಗೆ ಎಲ್ಲರೂ ಒಟ್ಟಿಗೆ ಎಳೆಯೋಕೆ ಒಂದು ಹಾಡು. ಬೋಗಿಗಳನ್ನ ದಡಕ್ಕೆ ತಂದರು. ಅಲ್ಲಿ ಇವತ್ತೂ ಖಲಾಸಿ ಅಂದ್ರೆ ಜನ ಹೆಮ್ಮೆಯಿಂದ ಹೇಳ್ತಾರೆ. ರೈಲ್ವೆಯ ಒಳಗೆ ಖಲಾಸಿ ಕೊನೇ ಮೆಟ್ಟಿಲು, ರೈಲು ನೀರಿಗೆ ಬಿದ್ದಾಗ ಮಾತ್ರ ಹೊರಗಿನ ಖಲಾಸಿ ಬೇಕು.

ಹಳೇ ಹೆಸರನ್ನ ವಾಪಸ್ ತನ್ನಿ ಅಂತ ನಾನು ಕೇಳ್ತಿಲ್ಲ. ತಂದರೆ ಫ್ರೆಂಡ್‌ನ ದೊಡ್ಡಪ್ಪನಿಗೆ ಏನೂ ಸಿಗಲ್ಲ. ನಾವು ಇನ್ನೆರಡು ವರ್ಷಕ್ಕೆ ಸೈಟ್‌ಗೆ ಹೋಗ್ತೀವಿ. ಯಲಹಂಕ ಕಡೆ ಎದ್ದಿರೋ ಯಾವ ಸೈಟ್‌ನಲ್ಲಿ ನೋಡಿ, ಟವರ್ ಕ್ರೇನ್ ಕೆಳಗೆ ಸರಳಿನ ಕಟ್ಟಿಗೆ ಸ್ಲಿಂಗ್ ಹಾಕಿ, ಕೈಸನ್ನೆ ಮಾಡಿ, ಮೇಲೆ ಕಳಿಸೋ ಒಬ್ಬ ಇರ್ತಾನೆ. ಹಾಜರಿಯಲ್ಲಿ ಅವನು ಹೆಲ್ಪರ್. ಸ್ಲಿಂಗಿನ ಎರಡು ಕಾಲುಗಳ ನಡುವಿನ ಕೋನ 120 ಡಿಗ್ರಿ ಆದ್ರೆ ಒಂದೊಂದು ಕಾಲಿನ ಮೇಲೂ ಪೂರ್ತಿ ಭಾರದಷ್ಟೇ ಎಳೆತ ಬರುತ್ತೆ ಅಂತ ನಾವು ಲಾಮಿ ಥಿಯರಂ ಹಾಕಿ ಹೇಳ್ತೀವಿ. ಅವನು ಕಣ್ಣಳತೆಯಲ್ಲಿ ನೋಡಿ ಹಗ್ಗ ಉದ್ದ ಮಾಡ್ತಾನೆ, ಕೋನ ಕಮ್ಮಿಯಾಗುತ್ತೆ. ಅವನಿಗೆ ಅದು ಗೊತ್ತಿಲ್ಲದಿದ್ದರೆ ಕೆಳಗೆ ನಿಂತಿರೋರು ಸಾಯ್ತಾರೆ. ಇಷ್ಟು ತಿಳಿದಿರೋ ಕೆಲಸಕ್ಕೆ ಟ್ರೈನಿಂಗ್, ಸರ್ಟಿಫಿಕೇಟ್, ಸಂಬಳದ ಬೇರೆ ದರ್ಜೆ ಇರಬೇಕು. ಹೆಸರು ಏನಿಡಬೇಕು ಅಂತ ಅವರನ್ನೇ ಕೇಳಬಹುದು.

ಅಷ್ಟು ದೊಡ್ಡದು ನಮ್ಮ ಕೈಲಿಲ್ಲ, ಚಿಕ್ಕದು ಇದೆ. ಸರ್ವೆ ಕ್ಯಾಂಪ್ ಹತ್ರ ಬರ್ತಿದೆ. ಫೀಲ್ಡ್ ಬುಕ್‌ನಲ್ಲಿ ಸ್ಟಾಫ್ ಹಿಡಿದವರ ಹೆಸರಿಗೆ ಒಂದು ಗೆರೆ ಸೇರಿಸೋಣ ಅಂತ ಡಿಪಾರ್ಟ್‌ಮೆಂಟ್‌ನಲ್ಲಿ ಕೇಳಿದ್ವಿ. ಫಾರ್ಮ್ಯಾಟ್ ನಮ್ಮದಲ್ಲ, ಬದಲಾಯಿಸೋಕೆ ಆಗಲ್ಲ ಅಂದ್ರು. ಕೈಯಲ್ಲಿ ಬರೆಯೋಕೆ ಯಾರದೂ ಅಭ್ಯಂತರ ಇಲ್ಲ, ಅದನ್ನೂ ಅವರೇ ಹೇಳಿದ್ರು. ಕ್ಯಾಂಪ್‌ನ ಮೊದಲ ದಿನ ಮೇಖ್ರಿ ಸರ್ಕಲ್ ಗೋಪುರಕ್ಕೆ ಹೋಗೋ ಪ್ಲ್ಯಾನ್ ಕೂಡ ಇದೆ. ಬರೋರು ಬೆಳಗ್ಗೆ ಏಳೂವರೆಗೆ ಹೆಬ್ಬಾಳ ಬಸ್ ಸ್ಟಾಪ್‌ನಲ್ಲಿರಿ. ಲ್ಯಾಬ್ ಅಣ್ಣನೂ ಬರ್ತೀನಿ ಅಂದಿದ್ದಾರೆ, ಲೆವೆಲ್ ಮತ್ತೆ ಸ್ಟಾಫ್ ಅವರ ಜೊತೆಗೇ ಬರುತ್ತೆ.